ಅಪೂರ್ಣ ಪೇಟೆಯಲ್ಲಿ ಕಲ್ಯಾಣದ ಲೆಕ್ಕ

ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ರಸ್ತೆಯೂ ಸವದತ್ತಿಯಿಂದ ಗೋಕಾಕಕ್ಕೆ ಹೋಗುವ ರಸ್ತೆಯೂ ಯರಗಟ್ಟಿಯಲ್ಲಿ ಒಂದನ್ನೊಂದು ಹಾಯ್ದು ಹೋಗುತ್ತವೆ. ಸುಗ್ಗಿಯ ದಿನಗಳಲ್ಲಿ ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡ ವಾಹನಗಳೂ ಕಬ್ಬು ತುಂಬಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳೂ ಇದೇ ಕೂಡುದಾರಿಯನ್ನು ದಾಟಿ ಮುಂದೆ ಸಾಗುತ್ತವೆ. ಎಷ್ಟೋ ಬಾರಿ ಈ ಎರಡೂ ಮಾಲು ಒಂದೇ ಮನೆತನದ ಎರಡು ಹೊಲಗಳಿಂದ ಬಂದವು. ಒಂದು ಮಳೆಯಾಶ್ರಿತ ಯರಿ ಹೊಲದ್ದು, ಇನ್ನೊಂದು ನೀರಾವರಿಯದು. ಆದರೆ ಅವು ತಲುಪುವ ಪೇಟೆಗಳು ಒಂದೇ ಜಾತಿಯವಲ್ಲ. ಹತ್ತಿಯನ್ನು ಮನೆಯ ಪಡಸಾಲೆಯಲ್ಲಿ ಒಟ್ಟಿಟ್ಟು ತಿಂಗಳುಗಟ್ಟಲೆ ಕಾಯಬಹುದು. ಬೈಲಹೊಂಗಲವೋ ಸವದತ್ತಿಯೋ ರಾಮದುರ್ಗವೋ ಎಂದು ಯೋಚಿಸಬಹುದು. ಕಬ್ಬಿಗೆ ಆ ಭಾಗ್ಯವಿಲ್ಲ. ಕಡಿದ ಮರುದಿನದಿಂದಲೇ ಅದರ ತೂಕವೂ ಸಕ್ಕರೆಯ ಅಂಶವೂ ಇಳಿಯತೊಡಗುತ್ತವೆ. ಕಾಯಬಲ್ಲವನ ಪೇಟೆ ಮತ್ತು ಕಾಯಲಾರದವನ ಪೇಟೆ ಎಂಬ ಈ ಭೇದವನ್ನು ಗಮನಿಸದೆ ಸರ್ಕಾರದ ಯಾವ ನೀತಿಯ ಗುಣದೋಷವನ್ನೂ ತೂಗಲಾಗದು.

ವಾಣಿಜ್ಯ ಪದವಿಯ ತರಗತಿಗಳಲ್ಲಿ ಕಲಿಸುವ ಕಲ್ಯಾಣ ಅರ್ಥಶಾಸ್ತ್ರದ ಮೂಲ ಪಾಠ ಬಹು ಸರಳವಾದದ್ದು. ಒಬ್ಬನ ಸ್ಥಿತಿಯನ್ನು ಕೆಡಿಸದೆ ಇನ್ನೊಬ್ಬನ ಸ್ಥಿತಿಯನ್ನು ಉತ್ತಮಪಡಿಸಲು ಸಾಧ್ಯವೇ ಇಲ್ಲದಂಥ ಹಂಚಿಕೆಯನ್ನು ಇಟಲಿಯ ಪರೇಟೋನ ಹೆಸರಿನಿಂದ ಗುರುತಿಸುತ್ತಾರೆ. ಪೂರ್ಣ ಸ್ಪರ್ಧೆಯ ಪೇಟೆ ತನ್ನಷ್ಟಕ್ಕೆ ತಾನೇ ಇಂಥ ಸ್ಥಿತಿಯನ್ನು ಮುಟ್ಟುತ್ತದೆಂಬುದನ್ನು 1951ರಲ್ಲಿ ಕೆನೆತ್ ಆ್ಯರೋ ಮತ್ತು ಜೆರಾರ್ ಡೆಬ್ರೂ ಗಣಿತದ ಕಟ್ಟಿನಲ್ಲಿ ಸಾಧಿಸಿ ತೋರಿಸಿದರು. ಇದರಿಂದ ಪೇಟೆಯನ್ನು ಅದರ ಪಾಡಿಗೆ ಬಿಡುವುದೇ ಲೇಸೆಂಬ ತೀರ್ಮಾನವನ್ನು ಹಲವರು ಎಳೆದರು. ಆದರೆ ಆ ಸಾಧನೆಯ ಹೊಸ್ತಿಲಲ್ಲಿ ನಿಂತಿರುವ ಷರತ್ತುಗಳನ್ನು ಓದುವವರು ಕಡಿಮೆ: ಕೊಳ್ಳುವವರು ಬಹಳ ಜನರಿರಬೇಕು, ಮಾಲಿನ ಗುಣ ಇಬ್ಬರಿಗೂ ಸಮಾನವಾಗಿ ತಿಳಿದಿರಬೇಕು, ಮಾರಾಟದ ಹೊರಗೆ ನಿಂತ ಮೂರನೆಯವನಿಗೆ ಅದರಿಂದ ಹಾನಿ ತಟ್ಟಬಾರದು. ಈ ಮೂರನೆಯ ಸಂಗತಿಯನ್ನು ಇಂಗ್ಲೆಂಡಿನ ಪಿಗೂ 1920ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದನು. ಷರತ್ತುಗಳು ಕೂಡಿಬರದ ಕಡೆ ಸಿದ್ಧಾಂತವು ಕೊಟ್ಟ ಅಪ್ಪಣೆಯೂ ಸಲ್ಲದು.

ಹಾಗಾದರೆ ಕೂಡಿಬಾರದ ಷರತ್ತುಗಳನ್ನು ಒಂದೊಂದಾಗಿ ಸರಿಪಡಿಸುತ್ತ ಹೋದರಾಯಿತಲ್ಲ ಎಂದು ಯಾರಿಗಾದರೂ ತೋರೀತು. 1956ರಲ್ಲಿ ಲಿಪ್ಸೆ ಮತ್ತು ಲ್ಯಾಂಕಾಸ್ಟರ್ ಎಂಬ ಇಬ್ಬರು ಪ್ರಕಟಿಸಿದ ಲೇಖನ ಈ ಆಸೆಗೂ ತಣ್ಣೀರೆರಚಿತು. ಹಲವು ದೋಷಗಳಿರುವ ಪೇಟೆಯಲ್ಲಿ ಒಂದನ್ನು ಮಾತ್ರ ತೆಗೆದರೆ ಒಟ್ಟು ಸ್ಥಿತಿ ಸುಧಾರಿಸಲೂಬಹುದು, ಕೆಡಲೂಬಹುದು ಎಂಬುದು ಅವರ ವಾದ. ‘ದ್ವಿತೀಯೋತ್ತಮ ಸಿದ್ಧಾಂತ’ ಎಂದು ಇದನ್ನು ಕರೆಯಬಹುದು. ಕಾಗದದ ಮೇಲೆ ಇದು ಒಣ ತರ್ಕದಂತೆ ಕಾಣುತ್ತದೆ. ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತವನಿಗೆ ಮಾತ್ರ ಇದು ದಿನನಿತ್ಯದ ಅನುಭವ.

ಮುಂಗಡದ ವ್ಯವಹಾರವನ್ನೇ ನೋಡಬಹುದು. ಭೂಮಿಯನ್ನು ಲಾವಣಿಗೆ ಹಾಕಿಕೊಂಡು ಹತ್ತಿ, ಹೆಸರು ಬೆಳೆಯುವ ಒಬ್ಬ ರೈತ ಜೂನಿನಲ್ಲಿ ಬೀಜ ಗೊಬ್ಬರಕ್ಕೆಂದು ಅಡತಿ ಅಂಗಡಿಯಿಂದ 20,000 ರೂಪಾಯಿ ತರುತ್ತಾನೆ. ಬೆಳೆಯನ್ನು ಅದೇ ಅಂಗಡಿಗೆ ತರಬೇಕೆಂಬ ಕರಾರು. ನವೆಂಬರಿನಲ್ಲಿ 15 ಕ್ವಿಂಟಲ್ ಮಾಲು ತಂದಾಗ ಹೊರಗಿನ ದರಕ್ಕಿಂತ 200 ರೂಪಾಯಿ ಕಡಿಮೆಗೆ ಅದು ಹೋಯಿತೆನ್ನೋಣ. ಬಡ್ಡಿಯ ಹೆಸರಿಲ್ಲದೆ ಅವನು ತೆತ್ತದ್ದು 3,000 ರೂಪಾಯಿ. ಐದು ತಿಂಗಳಿಗೆ ಶೇ. 15, ವರ್ಷದ ಲೆಕ್ಕದಲ್ಲಿ ಶೇ. 36. ಇದು ಅನ್ಯಾಯವೆಂದು ಯಾರಾದರೂ ಹೇಳಿಯಾರು. ಸಾಲಕ್ಕೂ ಮಾರಾಟಕ್ಕೂ ಹಾಕಿದ ಗಂಟನ್ನು ಕಾಯ್ದೆಯಿಂದ ಬಿಚ್ಚಿದರೆ ರೈತ ಸ್ವತಂತ್ರನಾಗುವನೆಂಬುದು ಪುಸ್ತಕದ ಉತ್ತರ. ಆದರೆ ಅವನ ಹೆಸರಿನಲ್ಲಿ ಉತಾರವಿಲ್ಲ. 1974ರ ಭೂಸುಧಾರಣಾ ತಿದ್ದುಪಡಿ ಕರ್ನಾಟಕದಲ್ಲಿ ಭೂಮಿಯನ್ನು ಗೇಣಿಗೆ ಕೊಡುವುದನ್ನೇ ಬಹುಮಟ್ಟಿಗೆ ನಿಷೇಧಿಸಿದ್ದರಿಂದ ಲಾವಣಿಯ ಮಾತೆಲ್ಲ ಬಾಯಿಮಾತು. ಕಾಗದವಿಲ್ಲದವನಿಗೆ ಬ್ಯಾಂಕಿನ ಬೆಳೆಸಾಲವೂ ಇಲ್ಲ, ಸಹಕಾರಿ ಸಂಘದ ಬಡ್ಡಿರಹಿತ ಸಾಲವೂ ಇಲ್ಲ. ಗಂಟು ಬಿಚ್ಚಿದ ದಿನ ಅಡತಿಯವನು ಮುಂಗಡ ನಿಲ್ಲಿಸುತ್ತಾನೆ. ಬೆಳೆ ತನ್ನ ಅಂಗಡಿಗೆ ಬಾರದೆ ಹೋದರೆ ಅವನಿಗೆ ಬೇರೆ ಭದ್ರತೆ ಯಾವುದು? ಆಗ ರೈತ ತಿಂಗಳಿಗೆ ನೂರಕ್ಕೆ 5ರ ಕೈಸಾಲಕ್ಕೆ ಹೋದರೆ ಐದು ತಿಂಗಳಿಗೆ 5,000 ತೆರಬೇಕು. ಉಳುವವನಿಗೆ ಭೂಮಿ ಎಂಬ ಒಳ್ಳೆಯ ಕಾಯ್ದೆ, ಸಾಲದ ಗಂಟು ಬಿಚ್ಚುವ ಇನ್ನೊಂದು ಒಳ್ಳೆಯ ಕಾಯ್ದೆ, ಎರಡೂ ಕೂಡಿ ಬಡವನ ಮೇಲೆ ಇನ್ನೂ 2,000 ರೂಪಾಯಿ ಹೊರಿಸಿದಂತಾಯಿತು. ಲಾವಣಿಯ ರೈತನಿಗೆ ಬ್ಯಾಂಕು ಒಪ್ಪುವಂಥ ಕಾಗದವೊಂದನ್ನು ಮೊದಲು ಮಾಡಿಕೊಟ್ಟು, ಅನಂತರ ಗಂಟಿಗೆ ಕೈಹಾಕುವುದು ಯುಕ್ತ. ಕ್ರಮ ತಪ್ಪಿದರೆ ಔಷಧವೇ ವಿಷವಾಗುತ್ತದೆ.

ಪೇಟೆಯ ದೋಷಗಳನ್ನು ಕಾಯ್ದೆಯಿಂದ ತಿದ್ದುವ ಯತ್ನ ಈ ಭಾಗಕ್ಕೆ ಹೊಸದಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1927ರಲ್ಲಿ ಹತ್ತಿ ಪೇಟೆಗಳ ಕಾಯ್ದೆಯೂ 1939ರಲ್ಲಿ ಕೃಷಿ ಉತ್ಪನ್ನ ಪೇಟೆಗಳ ಕಾಯ್ದೆಯೂ ಬಂದವು; ಏಕೀಕರಣದ ನಂತರ 1966ರಲ್ಲಿ ಕರ್ನಾಟಕದ ಕಾಯ್ದೆ. ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದು, ಧರ್ಮಾದಾಯದ ಹೆಸರಿನಲ್ಲಿ ಕಡಿತ, ಮಾದರಿಯೆಂದು ಹಿಡಿಗಟ್ಟಲೆ ಮಾಲು ತೆಗೆದುಕೊಳ್ಳುವುದು, ಮನೆಗೊಂದು ಬಗೆಯ ತೂಕ ಇವನ್ನು ತಡೆಯುವುದೇ ಇಂಥ ಕಾಯ್ದೆಗಳ ಉದ್ದೇಶ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಬಲ್ಲ ಶ್ರಾವಕನಿಗೆ ಈ ಪಟ್ಟಿ ಅಪರಿಚಿತವಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಪ್ರತಿರೂಪಕ ವ್ಯವಹಾರವೂ ಸೇರಿವೆ. ಕೊಳ್ಳುವ ತೂಕ ಒಂದು, ಮಾರುವ ತೂಕ ಇನ್ನೊಂದು ಆಗಕೂಡದು, ಮಾಲಿನಲ್ಲಿ ಕಲಬೆರಕೆ ಕೂಡದು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ವ್ರತವು ವ್ಯಾಪಾರಿಯ ಕೈಯನ್ನು ಕಟ್ಟುತ್ತದೆ. ಪೇಟೆಯ ದೋಷ ಕೈಯಲ್ಲಿರುವುದಿಲ್ಲ. ತಕ್ಕಡಿ ಸರಿಯಿದ್ದು, ಮಾಲು ಶುದ್ಧವಿದ್ದು, ಲೆಕ್ಕಪಟ್ಟಿಯಲ್ಲಿ ಒಂದು ಪೈಸೆಯ ಮೋಸವಿಲ್ಲದಿದ್ದರೂ, ಆ ದಿನ ಆ ಪ್ರಾಂಗಣದಲ್ಲಿ ಖರೀದಿದಾರರು ಮೂವರೇ ಇದ್ದರೆ ದರ ಬಿದ್ದೇ ಬೀಳುತ್ತದೆ. ಆ ಮೂವರೂ ಒಳಗೊಳಗೆ ಮಾತಾಡಿಕೊಂಡಿರಬೇಕೆಂದೇನೂ ಇಲ್ಲ. ಯಾರೂ ಕದಿಯದೆ ಒಬ್ಬನ ಪಾಲು ಇನ್ನೊಬ್ಬನ ಪೆಟ್ಟಿಗೆಗೆ ಸೇರುವ ಈ ಬಗೆಯನ್ನು ಶಾಸ್ತ್ರದ ಯಾವ ಹೆಸರಿನಿಂದ ಕರೆಯಬೇಕೆಂಬುದು ವಿದ್ವಾಂಸರು ವಿಚಾರಿಸತಕ್ಕ ವಿಷಯ. ಪ್ರಾಮಾಣಿಕನಾದ ವ್ಯಾಪಾರಿ ತನ್ನ ಲಾಭದಲ್ಲಿ ದುಡಿಮೆಯ ಪಾಲೆಷ್ಟು, ಸ್ಪರ್ಧಿಗಳಿಲ್ಲದ ಪೇಟೆ ಕೊಟ್ಟ ಪಾಲೆಷ್ಟು ಎಂದು ವರ್ಷಕ್ಕೊಮ್ಮೆ ದೀಪಾವಳಿಯ ಲೆಕ್ಕದ ಹೊತ್ತಿಗೆ ಕೇಳಿಕೊಂಡರೆ ತಪ್ಪಲ್ಲ.

ಖರೀದಿದಾರರ ಸಂಖ್ಯೆಯನ್ನು ಹೆಚ್ಚಿಸಲು ಕರ್ನಾಟಕ 2014ರಲ್ಲಿ ದಿಟ್ಟವಾದ ಒಂದು ಹೆಜ್ಜೆಯಿಟ್ಟಿತು. ರಾಜ್ಯದ ಪ್ರಾಂಗಣಗಳನ್ನು ಗಣಕಯಂತ್ರದ ಮೂಲಕ ಬೆಸೆದು, ಒಂದೇ ಪರವಾನಗಿಯಿಂದ ಯಾವ ಊರಿನ ವ್ಯಾಪಾರಿಯಾದರೂ ಯಾವ ಪೇಟೆಯ ಮಾಲಿಗಾದರೂ ಬೆಲೆ ಕೂಗಬಹುದೆಂಬ ಏಕೀಕೃತ ಪೇಟೆ ವೇದಿಕೆ ಅದು. ಕೇಂದ್ರ ಸರ್ಕಾರವು 2016ರಲ್ಲಿ ಇಡೀ ದೇಶಕ್ಕೆ ಆರಂಭಿಸಿದ ‘ಇ-ನಾಮ್’ ಯೋಜನೆಗಿಂತ ಇದು ಎರಡು ವರ್ಷ ಮೊದಲಿನದು. ಇದರ ಫಲವೇನೆಂಬುದನ್ನು ಲೆವಿ, ರಾಜನ್, ಸಿಂಘ್ವಿ, ಝೆಂಗ್ ಎಂಬ ನಾಲ್ವರು ಸಂಶೋಧಕರು ಅಳೆದು 2020ರಲ್ಲಿ ಪ್ರಕಟಿಸಿದರು. ಭತ್ತದ ದರ ಶೇ. 5.1, ಶೇಂಗಾದ ದರ ಶೇ. 3.6, ಮೆಕ್ಕೆಜೋಳದ ದರ ಶೇ. 3.5ರಷ್ಟು ಏರಿತ್ತು. ಅಲ್ಪವೆಂದು ಕಂಡರೂ, ರೈತನ ನಿವ್ವಳ ಲಾಭವೇ ನೂರಕ್ಕೆ ಬೆರಳೆಣಿಕೆಯಷ್ಟಿರುವಾಗ ಇದು ಸಣ್ಣದಲ್ಲ. ಆದರೆ ಹತ್ತಿ, ಹೆಸರು, ತೊಗರಿ ಈ ಮೂರರಲ್ಲಿ ಗಣನೀಯವಾದ ಯಾವ ಬದಲಾವಣೆಯೂ ಕಾಣಲಿಲ್ಲ. ಅಂದರೆ ಯರಗಟ್ಟಿ ಸೀಮೆಯ ಯರಿ ಹೊಲಗಳ ಮುಖ್ಯ ಬೆಳೆಗಳಲ್ಲಿ ಎರಡು ಈ ಸುಧಾರಣೆಯಿಂದ ಹೊರಗೇ ಉಳಿದವು.

ಏಕೆ ಹೀಗಾಯಿತು? ಹತ್ತಿಯ ವಿಷಯದಲ್ಲಿ ವ್ಯಾಪಾರ ಬಲ್ಲವರಿಗೆ ಒಂದು ಕಾರಣ ಬೇಗ ಹೊಳೆಯುತ್ತದೆ. ಹತ್ತಿಯನ್ನು ಕೈಯಲ್ಲಿ ಹಿಡಿದು ಎಳೆ ಎಳೆದು ನೋಡಬೇಕು. ಎಳೆಯ ಉದ್ದ, ತೇವ, ಕಸ ಇವು ತಿಳಿಯದೆ ಯಾರೂ ದರ ಹೇಳರು. ದೂರದ ಊರಿನಲ್ಲಿ ಪರದೆಯ ಮುಂದೆ ಕುಳಿತ ಖರೀದಿದಾರನಿಗೆ ಅಂಡಿಗೆಯ ಒಳಗೇನಿದೆ ಎಂದು ತಿಳಿಯದು. ತಿಳಿಯದವನು ಕೆಟ್ಟ ಮಾಲಿನ ದರವನ್ನೇ ಕೂಗುತ್ತಾನೆ, ಇಲ್ಲವೆ ಸುಮ್ಮನಿರುತ್ತಾನೆ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಗುಣವು ಒಳ್ಳೆಯ ಮಾಲನ್ನೇ ಪೇಟೆಯಿಂದ ಓಡಿಸುತ್ತದೆಂದು 1970ರಲ್ಲಿ ಆಕರ್‌ಲಾಫ್ ತೋರಿಸಿದ್ದು ಇದನ್ನೇ. ಕೂಗುವ ಬಾಯಿಗಳನ್ನು ಹೆಚ್ಚಿಸಿದರೆ ಸಾಲದು. ಗುಣ ಅಳೆದು ಚೀಟಿ ಕೊಡುವ ನಂಬಿಕೆಯ ಯಂತ್ರವೂ ಮನುಷ್ಯನೂ ಪ್ರಾಂಗಣದಲ್ಲಿ ಇರಬೇಕು. ಎರಡರಲ್ಲಿ ಒಂದನ್ನೇ ಮಾಡಿದ್ದರ ಫಲ ಶೂನ್ಯ. ಇನ್ನು ಪ್ರಾಂಗಣದ ಕಟ್ಟುಪಾಡನ್ನೇ ಕಿತ್ತೊಗೆದರೆ ಎಲ್ಲ ಸರಿಯಾಗುತ್ತದೆಂಬವರು ಬಿಹಾರವನ್ನು ನೋಡಬೇಕು. ಅಲ್ಲಿ 2006ರಲ್ಲಿಯೇ ಈ ಕಾಯ್ದೆ ರದ್ದಾಯಿತು; ನಿರೀಕ್ಷಿಸಿದಷ್ಟು ಖಾಸಗಿ ಪೇಟೆಗಳು ಮಾತ್ರ ಎದ್ದು ನಿಲ್ಲಲಿಲ್ಲ.

ಕಬ್ಬಿನ ಕಥೆ ಬೇರೆ. ಬೆಳಗಾವಿ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಬರವಿಲ್ಲ. ನಕ್ಷೆಯ ಮೇಲೆ ಎಣಿಸಿದರೆ ಸ್ಪರ್ಧೆ ಚೆನ್ನಾಗಿಯೇ ಇದೆಯೆನಿಸುತ್ತದೆ. ಆದರೆ ರೈತನೊಬ್ಬನ ಹೊಲಕ್ಕೆ ಕಟಾವಿನ ಗ್ಯಾಂಗು ಯಾವ ವಾರ ಬರಬೇಕೆಂದು ನಿರ್ಧರಿಸುವುದು ಕಾರ್ಖಾನೆ, ತೂಗುವುದು ಕಾರ್ಖಾನೆಯ ಕಾಟಾ, ಸಕ್ಕರೆ ಇಳುವರಿಯನ್ನು ಅಳೆಯುವುದು ಕಾರ್ಖಾನೆಯ ಪ್ರಯೋಗಾಲಯ. ಇಳುವರಿಯೂ ಇಡೀ ಕಾರ್ಖಾನೆಯ ಸರಾಸರಿ. ಒಳ್ಳೆಯ ಕಬ್ಬು ಬೆಳೆದವನಿಗೆ ಬೇರೆ ದರವಿಲ್ಲ. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರವಿರಬೇಕೆಂಬ ನಿಯಮ 2006ರಿಂದ ಇದೆ. ಹೀಗಾಗಿ ನಕ್ಷೆಯ ಮೇಲೆ ಹತ್ತಾರು ಖರೀದಿದಾರರಿದ್ದರೂ ಆ ವಾರ, ಆ ಹೊಲಕ್ಕೆ ಬಹುತೇಕ ಒಬ್ಬನೇ.

ಒಬ್ಬನೇ ಕೊಳ್ಳುವವನಿರುವ ಪೇಟೆಯ ಗಣಿತವನ್ನು ಕೇಂಬ್ರಿಜ್ಜಿನ ಜೋನ್ ರಾಬಿನ್ಸನ್ 1933ರಲ್ಲಿ ಬಿಡಿಸಿ ತೋರಿಸಿದರು. 3,000 ರೂಪಾಯಿ ದರಕ್ಕೆ 1,000 ಟನ್ ಕಬ್ಬು ಸಿಗುತ್ತದೆಂದುಕೊಳ್ಳಬಹುದು. ಇನ್ನೊಂದು ಟನ್ ಬೇಕಾದರೆ ದರವನ್ನು ಒಂದು ರೂಪಾಯಿ ಏರಿಸಬೇಕು. ಏರಿಸಿದರೆ ಹಿಂದಿನ 1,000 ಟನ್ನಿಗೂ ಆ ರೂಪಾಯಿಯನ್ನು ಕೊಡಬೇಕು. ಆ ಒಂದು ಟನ್ನಿನ ನಿಜವಾದ ಬೆಲೆ 4,001 ರೂಪಾಯಿಯಾಯಿತು. ಆದ್ದರಿಂದ ಕಡಿಮೆ ಕೊಂಡು ಕಡಿಮೆ ಕೊಡುವುದೇ ಅವನಿಗೆ ಲಾಭ. ಸರ್ಕಾರ 3,300 ರೂಪಾಯಿಗಿಂತ ಕೆಳಗೆ ಕೊಳ್ಳಕೂಡದೆಂದರೆ ಈ ಲೆಕ್ಕವೇ ಮುರಿಯುತ್ತದೆ. ಮುಂದಿನ ಟನ್ನಿಗೂ 3,300 ಮಾತ್ರವೇ ಆದ್ದರಿಂದ ಅವನು ಹೆಚ್ಚು ಕೊಳ್ಳುತ್ತಾನೆ. ಪೂರ್ಣ ಸ್ಪರ್ಧೆಯಲ್ಲಿ ಕೊಳ್ಳುವಿಕೆಯನ್ನು ಕುಗ್ಗಿಸುವ ಕನಿಷ್ಠ ದರ ಇಲ್ಲಿ ದರವನ್ನೂ ಕೊಳ್ಳುವಿಕೆಯನ್ನೂ ಒಟ್ಟಿಗೆ ಏರಿಸುತ್ತದೆ. ಕಬ್ಬಿಗೆ ದರ ನಿಗದಿ ಮಾಡುವುದು ಅರ್ಥಶಾಸ್ತ್ರಕ್ಕೆ ವಿರುದ್ಧವೆಂದು ಸಾರಾಸಗಟಾಗಿ ಹೇಳುವವರು ಪುಸ್ತಕದ ಅರ್ಧವನ್ನು ಮಾತ್ರ ಓದಿದವರು.

ಇನ್ನರ್ಧವೂ ಇದೆಯೆನ್ನಿ. ಆ ದರ ಸಕ್ಕರೆಯ ಮೌಲ್ಯವನ್ನು ಮೀರಿದರೆ ಕಾರ್ಖಾನೆ ಕೊಡಲಾರದು. ಕಬ್ಬು ಒಪ್ಪಿಸಿದ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿಗಾಗಿ ತಿಂಗಳುಗಟ್ಟಲೆ ಅಲೆದ ರೈತರ ಸಂಖ್ಯೆ ಆ ಆದೇಶದ ಬಲವನ್ನು ಹೇಳುತ್ತದೆ. ಕಾರ್ಖಾನೆಯ ಕಡೆಯ ಅಳಲೂ ಸುಳ್ಳಲ್ಲ. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರಲ್ಲಿ ಕಿಲೋಗೆ 31 ರೂಪಾಯಿಗೆ ಏರಿಸಿದ ಕೇಂದ್ರ 2025ರವರೆಗೂ ಅದನ್ನು ಮುಟ್ಟಿರಲಿಲ್ಲ. ಕಬ್ಬಿನ ನ್ಯಾಯಸಮ್ಮತ ಹಾಗೂ ಲಾಭದಾಯಕ ದರ ಮಾತ್ರ ವರ್ಷ ವರ್ಷ ಏರುತ್ತ, 2025-26ರ ಹಂಗಾಮಿಗೆ ಶೇ. 10.25 ಇಳುವರಿಯ ಕ್ವಿಂಟಲಿಗೆ 355 ರೂಪಾಯಿಯಾಗಿತ್ತು. ಒಂದು ಕೈಯನ್ನು ಕಟ್ಟಿ ಇನ್ನೊಂದನ್ನು ಎಳೆದಂತೆ. 2012ರಲ್ಲಿ ಸಿ. ರಂಗರಾಜನ್ ಸಮಿತಿ ಇವೆಲ್ಲವನ್ನೂ ಒಟ್ಟಾಗಿ ನೋಡಿ, ಸಕ್ಕರೆಯ ಆದಾಯವನ್ನು ರೈತ ಮತ್ತು ಕಾರ್ಖಾನೆ ಹಂಚಿಕೊಳ್ಳುವ ಸೂತ್ರವನ್ನೂ ಪ್ರದೇಶ ಮೀಸಲು ಹಾಗೂ ಅಂತರದ ನಿಯಮಗಳನ್ನು ಕೈಬಿಡುವುದನ್ನೂ ಶಿಫಾರಸು ಮಾಡಿತು. ಒಟ್ಟಾಗಿ ಕೊಟ್ಟದ್ದನ್ನು ಸರ್ಕಾರಗಳು ತಮಗೆ ಬೇಕಾದಷ್ಟು ಬಿಡಿಬಿಡಿಯಾಗಿ ಎತ್ತಿಕೊಂಡವು.

ಯಾರಿಗೋ ಲಾಭ, ಯಾರಿಗೋ ನಷ್ಟವೆಂಬ ನೀತಿಗಳನ್ನು ತೂಗಲು ಕಲ್ಯಾಣ ಅರ್ಥಶಾಸ್ತ್ರ 1939ರಲ್ಲಿ ಒಂದು ಉಪಾಯವನ್ನು ಕಂಡುಕೊಂಡಿತು. ಗೆದ್ದವನು ಸೋತವನ ನಷ್ಟವನ್ನು ತುಂಬಿಕೊಟ್ಟರೂ ತನಗೆ ಇನ್ನೂ ಉಳಿಯುವಂತಿದ್ದರೆ ಆ ನೀತಿ ಒಳ್ಳೆಯದು ಎಂಬುದು ಕಾಲ್ಡರ್ ಮತ್ತು ಹಿಕ್ಸ್ ಅವರ ಮಾತು. ತುಂಬಿಕೊಡಲೇಬೇಕೆಂದಿಲ್ಲ, ತುಂಬಿಕೊಡಲು ಸಾಧ್ಯವಿದ್ದರೆ ಸಾಕು! ಅಹಿಂಸೆಯನ್ನು ವ್ರತವಾಗಿ ಹಿಡಿದವರ ಕಿವಿಗೆ ಇದು ವಿಚಿತ್ರವಾಗಿ ಕೇಳಿಸೀತು. ಕೊಡಬಹುದಾಗಿತ್ತು, ಆದರೆ ಕೊಡಲಿಲ್ಲ ಎಂಬ ಹಣದಿಂದ ಯಾರ ಹೊಟ್ಟೆಯೂ ತುಂಬದು.

2025ರ ಆಗಸ್ಟ್ 19ರಿಂದ ಹತ್ತಿಯ ಮೇಲಿನ ಶೇ. 11 ಆಮದು ಸುಂಕವನ್ನು ಕೇಂದ್ರ ಸರ್ಕಾರ ಮೊದಲು ಸೆಪ್ಟೆಂಬರ್ ಕೊನೆಯವರೆಗೆ, ಬಳಿಕ ಡಿಸೆಂಬರ್ 31ರವರೆಗೆ ತೆಗೆದುಹಾಕಿತು. ಅಮೆರಿಕದ ಹೊಸ ಸುಂಕದ ಹೊಡೆತಕ್ಕೆ ಸಿಕ್ಕ ಜವಳಿ ಗಿರಣಿಗಳಿಗೂ ಅಲ್ಲಿಯ ಕೂಲಿಕಾರರಿಗೂ ಅದು ಆಸರೆಯೇ. ಆದರೆ ಆ ಅವಧಿ ರೈತನ ಹತ್ತಿ ಪೇಟೆಗೆ ಬರುವ ಕಾಲವೂ ಹೌದು. ಹೊರದೇಶದ ಹತ್ತಿಯೂ ಶುದ್ಧ ಸ್ಪರ್ಧೆಯ ಮಾಲಲ್ಲ. ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಹಾಯಧನದ ವಿರುದ್ಧ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದಾವೆ ಹೂಡಿ ಗೆದ್ದಿತು; 2014ರಲ್ಲಿ 30 ಕೋಟಿ ಡಾಲರು ಪಡೆದು ಅದನ್ನು ಮುಗಿಸಿಕೊಂಡಿತು. ಪರರ ಸಹಾಯಧನದಿಂದ ಅಗ್ಗವಾದ ಮಾಲು ಕೊಳ್ಳುವ ದೇಶಕ್ಕೆ ಕಾಣಿಕೆಯಿದ್ದಂತೆ, ಸ್ವೀಕರಿಸಿ ಎನ್ನುತ್ತದೆ ಪುಸ್ತಕ. ಕಾಣಿಕೆ ಸೇರುವುದು ನೂಲಿನ ಗಿರಣಿಗೆ. ಅದರ ಬೆಲೆ ತೆರುವವನು ಯರಿ ಹೊಲದವನು. ಅವನ ನಷ್ಟಕ್ಕೆ ಬೆಂಬಲ ಬೆಲೆಯ ಖರೀದಿ ಇದೆಯೆಂಬುದು ನಿಜ. 2025-26ಕ್ಕೆ ಮಧ್ಯಮ ಎಳೆಯ ಹತ್ತಿಗೆ 7,710 ರೂಪಾಯಿ. ಆದರೆ ಹತ್ತಿ ನಿಗಮ ಒಪ್ಪುವ ತೇವಾಂಶ ಶೇ. 8ರಿಂದ 12. ಕೊನೆಯ ಮಳೆಯಲ್ಲಿ ನೆನೆದ ಹತ್ತಿಯವನಿಗೆ, ಸಾಲಗಾರ ಬಾಗಿಲಲ್ಲಿ ನಿಂತಿದ್ದರಿಂದ ಒಣಗಿಸುತ್ತ ಕಾಯಲಾರದವನಿಗೆ, ಆ ಪರಿಹಾರ ಕಾಗದದ ಮೇಲಿನದೇ.

ಮಲಪ್ರಭೆಯ ಸೀಮೆಗೆ ಇಂಥ ಕಾಗದದ ಲೆಕ್ಕ ಏನು ಮಾಡಬಲ್ಲದೆಂಬುದು ಚೆನ್ನಾಗಿ ಗೊತ್ತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನ ನೀರಿನಿಂದ ಭೂಮಿಯ ಬೆಲೆ ಏರುತ್ತದೆಂದು ಸರ್ಕಾರ ಅಭಿವೃದ್ಧಿ ಕರ ವಿಧಿಸಿತು; ಕಾಲುವೆಯ ಕೊನೆಯ ಹೊಲಗಳಿಗೆ ನೀರೇ ಸರಿಯಾಗಿ ತಲುಪಿರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು.

2025ರ ನವೆಂಬರಿನಲ್ಲಿ ಯರಗಟ್ಟಿಗೆ ದೂರವಲ್ಲದ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕುಳಿತರು. ಕಟಾವು ಮತ್ತು ಸಾಗಣೆ ವೆಚ್ಚ ಬಿಟ್ಟು, ಶೇ. 11.25 ಇಳುವರಿಯ ಕಬ್ಬಿಗೆ 3,300 ರೂಪಾಯಿ ಎಂದು ಒಪ್ಪಂದವಾಯಿತು. ಮಾತುಕತೆಯ ಕೊನೆಗೆ ಸೇರಿದ 100 ರೂಪಾಯಿಯಲ್ಲಿ 50 ಕಾರ್ಖಾನೆಯದು, 50 ಸರ್ಕಾರದ್ದು. ಒಬ್ಬನೇ ಖರೀದಿದಾರನಿರುವ ಪೇಟೆಯಲ್ಲಿ ರೈತರು ಒಟ್ಟಾಗಿ ಕುಳಿತು ದರ ಕೇಳಿದ್ದನ್ನು ಯಾವ ಸಿದ್ಧಾಂತವೂ ತಪ್ಪೆನ್ನಲಾರದು. ಕಾರ್ಖಾನೆಯ 50 ರೂಪಾಯಿ ಬರಬೇಕಾದಲ್ಲಿಂದಲೇ ಬಂತು. ಸರ್ಕಾರದ 50 ಬಂದದ್ದು ಬೊಕ್ಕಸದಿಂದ. ಆ ಬೊಕ್ಕಸಕ್ಕೆ ನೀರಾವರಿಯಿಲ್ಲದ ಹತ್ತಿ ಬೆಳೆಗಾರನೂ, ಲಾವಣಿಯ ರೈತನೂ, ಕಬ್ಬು ಕಡಿಯಲು ಗುಡಿಸಲು ಹಾಕಿಕೊಂಡು ಕುಳಿತ ಗ್ಯಾಂಗಿನ ಹೆಂಗಸರೂ ತಾವು ಕೊಳ್ಳುವ ಸಾಬೂನು, ಎಣ್ಣೆಗಳ ಮೇಲೆ ತೆರಿಗೆ ಕಟ್ಟಿದ್ದಾರೆ. ಗುರ್ಲಾಪುರದ ಮಾತುಕತೆಯಲ್ಲಿ ಅವರ ಪರವಾಗಿ ಕುಳಿತವರು ಯಾರೂ ಇರಲಿಲ್ಲ.